ನಮ್ಮ ಮಗು ಕರ್ಪೂರ ಆರಿಸುವುದಿಲ್ಲ

ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸುವುದಕ್ಕೆ ಒಂದು ಉಪಾಯವಿದೆ. ಹಿಂದೆಮುಂದೆ ನೋಡದೆ ತಟ್ಟನೆ ಒತ್ತಿಬಿಟ್ಟರೆ ಸುಡುವುದಿಲ್ಲ. ಅನುಮಾನಿಸುತ್ತ ಮೆಲ್ಲಗೆ ಕೈ ಇಳಿಸಿದರೆ ಸುಡುತ್ತದೆ. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಕೈಗಂತೂ ಏನೂ ಆಗುವುದಿಲ್ಲ. ದೊಡ್ಡಬಳ್ಳಾಪುರದ ಆಚೆ ಇರುವ ನಮ್ಮೂರಿನಲ್ಲಿ ದೊಡ್ಡವರಿಗೆಲ್ಲ ಇದು ಗೊತ್ತು. ಗೊತ್ತಿದ್ದೂ, ಯಾರದು ನಿಜ ಯಾರದು ಸುಳ್ಳು ಎಂದು ತೀರ್ಮಾನವಾಗದಿದ್ದಾಗ ಮಾರಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚುತ್ತಾರೆ. ಆರಿಸಿ ಆಣೆ ಮಾಡಿದವನು ಸತ್ಯವಂತ, ಕೈ ಎಳೆದುಕೊಂಡವನು ಸುಳ್ಳ. ಕಳೆದುಹೋದ ಕುರಿಗೂ ಇದೇ ನ್ಯಾಯ, ಒತ್ತಿಕೊಂಡ ಬದುವಿಗೂ ಇದೇ ನ್ಯಾಯ.

ಹತ್ತನೆಯ ವಯಸ್ಸಿನಲ್ಲಿ ನಾನು ಕೈ ಎಳೆದುಕೊಂಡೆ.

ಬೇಸಿಗೆ ರಜದಲ್ಲಿ ಊರಿನ ಒಂದು ಮಗ್ಗದ ಮನೆಗೆ ನೂಲು ಸುತ್ತಲು ಹೋಗುತ್ತಿದ್ದೆ. ಆ ಮನೆಯ ಯಜಮಾನ ನನ್ನೊಂದಿಗೆ ನಡೆದುಕೊಂಡ ರೀತಿಯನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ, ಓದುವವರಿಗೆ ಅರ್ಥವಾಗುತ್ತದೆ. ಅವ್ವನಿಗೆ ಹೇಳಿದೆ. ಅವ್ವ ಹಿರಿಯರಿಗೆ ಹೇಳಿದಳು. ಹಿರಿಯರು ಗುಡಿಗೆ ಕರೆದರು. ಅವ್ವನೇ ನನ್ನ ತಲೆಗೆ ನೀರು ಹಾಕಿ, ಕೈಹಿಡಿದು ಕರೆದುಕೊಂಡು ಹೋದಳು. ಯಜಮಾನ ಒಂದೇ ಏಟಿಗೆ ಆರಿಸಿ, ಅಂಗೈಯನ್ನು ಪಂಚೆಗೆ ಒರೆಸಿಕೊಂಡು ನಿಂತ. ನನ್ನ ಸರದಿ ಬಂದಾಗ ಬಿಸಿ ತಗುಲಿ ಕೈ ತಾನಾಗಿ ಹಿಂದಕ್ಕೆ ಬಂತು. ಅಷ್ಟೇ ನಡೆದದ್ದು. ಅಲ್ಲಿಂದಾಚೆಗೆ ಊರಿಗೆಲ್ಲ ನಾನು ಸುಳ್ಳುಬುರುಕಿ. ಸ್ಕೂಲಿನಲ್ಲಿ ಯಾರದೋ ಪೆನ್ಸಿಲ್ ಕಳೆದರೂ ಮೊದಲು ನನ್ನ ಚೀಲವನ್ನೇ ಜಾಲಾಡುತ್ತಿದ್ದರು.

ಈಗ ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಹೊಲಿಗೆ ಮಿಷನ್ನುಗಳ ಗದ್ದಲದ ಮೇಲೆ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿದೆ. ಮನೆಯವರು ಆಡಿಕೊಳ್ಳುತ್ತಾರೆ. ಆದರೆ ಒಂದು ದಿನ ಅದೇ ಗಂಟಲು ಕೆಲಸಕ್ಕೆ ಬಂತು.

ಎರಡು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಊರಿನಿಂದ ತಮ್ಮ ಫೋನ್ ಮಾಡಿದ. ಆಗ ಅವನ ಮಗಳಿಗೆ ಒಂಬತ್ತು ವರ್ಷ. ದಿನವೂ ಹಾಲಿನ ಕ್ಯಾನ್ ಹಿಡಿದು ಕುಣಿಯುತ್ತ ಡೈರಿಗೆ ಹೋಗುತ್ತಿದ್ದ ಹುಡುಗಿ, ಒಂದು ವಾರದಿಂದ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಏಟು ಕೊಟ್ಟರೂ ಹೋಗಲಿಲ್ಲವಂತೆ. ಕೊನೆಗೆ ಅವರಮ್ಮನ ಹತ್ತಿರ ಬಾಯಿ ಬಿಟ್ಟಿದ್ದಳು: ಡೈರಿಯಲ್ಲಿ ಹಾಲು ಅಳೆಯುವವನು ಕ್ಯಾನ್ ತೊಳೆದುಕೊಡುತ್ತೇನೆಂದು ಹಿಂದಿನ ಕೋಣೆಗೆ ಕರೆಯುತ್ತಾನೆ, ಮೈ ಮುಟ್ಟುತ್ತಾನೆ.

"ಹಿರಿಯರಿಗೆ ಹೇಳಿದೀನಿ ಕಣಕ್ಕ," ಎಂದ ತಮ್ಮ. "ನಾಳೆ ಬೆಳಿಗ್ಗೆ ಗುಡಿ ತಾವ ಇಬ್ರೂ ಕರ್ಪೂರ ಆರಿಸ್ಬೇಕು ಅಂತ ಮಾತಾಗಿದೆ."

"ಇಬ್ರು ಅಂದ್ರೆ?"

"ಅವನು, ನಮ್ ಪಾಪು."

ನಾನು ಬೈದ ಬೈಗುಳಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು. ಅವನ ಫೋನ್ ಇಟ್ಟವಳೇ ಮಕ್ಕಳ ಸಹಾಯವಾಣಿಗೆ ಮಾಡಿ ಎಲ್ಲ ಹೇಳಿದೆ. ಬೆಳಿಗ್ಗೆ ಪೊಲೀಸರೊಂದಿಗೆ ಬರುತ್ತೇವೆ, ಅಲ್ಲಿಯವರೆಗೆ ಮಗುವನ್ನು ಕೆದಕಿ ಕೆದಕಿ ಕೇಳಬೇಡಿ ಎಂದರು. ಬೆಳಗಾಗುತ್ತಲೇ ಮೊದಲ ಬಸ್ಸು ಹಿಡಿದು ಊರಿಗೆ ಹೋದೆ.

ಹುಡುಗಿ ಅಡುಗೆಮನೆಯ ಮೂಲೆಯಲ್ಲಿ ದೇವರ ದೀಪದ ಮುಂದೆ ಕೂತಿದ್ದಳು. ತಲೆಗೆ ನೀರು ಹಾಕಿದ್ದರು, ಕೂದಲು ಇನ್ನೂ ಒದ್ದೆಯಿತ್ತು. ಅಂಗೈಯನ್ನು ಉರಿಯ ಮೇಲೆ ತರುವುದು, ಎಳೆದುಕೊಳ್ಳುವುದು, ಮತ್ತೆ ತರುವುದು. ನನ್ನ ಅವ್ವ ಪಕ್ಕದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು.

"ಏನ್ ಮಾಡ್ತಿದೀಯ?" ಎಂದೆ.

"ಪ್ರಾಕ್ಟೀಸ್ ಅತ್ತೆ. ಕೈ ಎಳ್ಕೊಂಡ್ರೆ ನಾನು ಸುಳ್ಳು ಹೇಳ್ದೆ ಅಂತಾರಂತೆ."

ದೇವರ ದೀಪವನ್ನು ಬಾಯಿಂದ ಊದಬಾರದು ಎನ್ನುತ್ತಾರೆ. ಊದಿ ಆರಿಸಿದೆ. "ನೀನು ಎಲ್ಲಿಗೂ ಬರ್ಬೇಡ. ನೀನ್ ಹೇಳಿದ್ದನ್ನ ನಾನು ನಂಬ್ತೀನಿ," ಎಂದೆ. ತಮ್ಮನ ಹೆಂಡತಿಗೆ ಬಾಗಿಲು ಹಾಕಿಕೊಂಡು ಮಗುವಿಗೆ ತಿಂಡಿ ಕೊಡಲು ಹೇಳಿ, ಗುಡಿಯ ಕಡೆ ನಡೆದೆ.

ಅಲ್ಲಿ ಆಗಲೇ ಅರ್ಧ ಊರು ಸೇರಿತ್ತು, ನನ್ನ ತಮ್ಮನೂ ಇದ್ದ. ಹಾಲು ಅಳೆಯುವವನು ಬಿಳಿ ಅಂಗಿ ಹಾಕಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದ. ಊರಿಗೆ ಹಿರಿಯರಾದ ಒಬ್ಬರು ತಟ್ಟೆಯಲ್ಲಿ ಕರ್ಪೂರ ಇಟ್ಟುಕೊಂಡು ಕಾಯುತ್ತಿದ್ದರು.

"ಮಗೀನ ಕರ್ಕೊಂಡ್ ಬರ್ಲಿಲ್ವೇನವ್ವ?"

"ನಮ್ ಮಗು ಕರ್ಪೂರ ಆರ್ಸಲ್ಲ."

"ಹಂಗಾದ್ರೆ ಅದ್ರ ಮಾತು ಸುಳ್ಳು ಅಂತಾಯ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಇದರ ಮಧ್ಯ ನೀನ್ಯಾಕೆ ಬರ್ತೀಯ?"

"ಕುಲದೊಳಗೆ ಇದ್ದಾಗ ನೀವು ಯಾರೂ ನನ್ ಮಾತು ಕೇಳ್ಲಿಲ್ಲ. ಈಗ ಹೊರಗಿಂದ ಹೇಳ್ತಾ ಇದೀನಿ, ಕೇಳಿ. ಪೊಲೀಸ್ನೋರು ಬರ್ತಿದಾರೆ. ಮಗು ಏನ್ ಹೇಳ್ಬೇಕೋ ಅವರಿಗೆ ಹೇಳ್ತದೆ."

ಹಿರಿಯರ ಮುಖ ಕೆಂಪಾಯಿತು. ಹಾಗಾದರೆ ಅವನೊಬ್ಬನೇ ಆರಿಸಲಿ, ವ್ಯಾಜ್ಯ ಇಲ್ಲಿಗೇ ಮುಗಿಯಲಿ ಎಂದು ಕಡ್ಡಿ ಗೀರಿದರು. ಮುಗಿದೇಹೋಯಿತು ಎಂದು ನಾನೂ ಅಂದುಕೊಂಡೆ. ಆದರೆ ಅವನ ಹಣೆಯಲ್ಲಿ ಬೆವರು ಬಂದಿತ್ತು. ಕೈ ಇಳಿಸಿದ, ಎಳೆದುಕೊಂಡ. ಇನ್ನೊಮ್ಮೆ ಇಳಿಸಿ ಇನ್ನೊಮ್ಮೆ ಎಳೆದುಕೊಂಡ.

ಮಗುವಿನ ಮಾತು ಸುಳ್ಳು ಎಂದ ಹಿರಿಯರಿಗೆ ತಲೆಯಾಡಿಸಿದ್ದ ಅದೇ ಜನ ಅವನ ಮೇಲೆ ಬಿದ್ದರು. ಮೊದಲು ಅಂಗಿ ಹಿಡಿದವನು ನನ್ನ ತಮ್ಮ.

ಸುಮ್ಮನೆ ನಿಂತಿದ್ದರೆ ನಾನು ಗೆದ್ದಂತೆಯೇ ಇತ್ತು. ನಿಂತೆ ಕೂಡ, ಸುಳ್ಳು ಯಾಕೆ ಹೇಳಲಿ. ಅವನ ತುಟಿ ಒಡೆದು ರಕ್ತ ಬಂದಾಗ ನನಗೆ ಹಿತವೆನಿಸಿತು. ಆಮೇಲೆ ಅವನ ಕೈ ಕಣ್ಣಿಗೆ ಬಿತ್ತು. ಮೈಗೆಲ್ಲ ಏಟು ಬೀಳುತ್ತಿದ್ದರೂ ಬಲಗೈಯೊಂದನ್ನು ಎದೆಗೆ ಅವುಚಿಕೊಂಡಿದ್ದ. ಅದೇ ಗುಡಿಯ ಮುಂದೆ ನಾನೂ ಹಾಗೇ ಅವುಚಿಕೊಂಡು ನಿಂತಿದ್ದೆ.

"ಬಿಡ್ರೋ ಅವನ್ನ," ಎಂದು ಗಾರ್ಮೆಂಟ್ಸ್ ಗಂಟಲಿನಲ್ಲಿ ಕೂಗಿ ನಡುವೆ ನುಗ್ಗಿದೆ.

"ನೀನ್ ಯಾರ್ ಕಡೆ ಅಕ್ಕ?" ತಮ್ಮ ನನ್ನನ್ನೇ ತಳ್ಳಿದ.

"ನಿನ್ ಮಗಳ ಕಡೆ ಕಣೋ. ಕೈ ಎಳ್ಕೊಂಡಿದ್ದೇ ಸಾಕ್ಷಿ ಆದ್ರೆ ನಾನೂ ಸುಳ್ಳುಬುರುಕಿನೇ. ಇವನ ಕೈ ತಪ್ಪಿಗೆ ಹಿಂದಕ್ಕೆ ಬಂತೋ, ಭಯಕ್ಕೆ ಬಂತೋ, ನನಗೂ ಗೊತ್ತಿಲ್ಲ ನಿನಗೂ ಗೊತ್ತಿಲ್ಲ. ಪಾಪು ಏನಂದ್ಲು ಅನ್ನೋದು ಗೊತ್ತು. ಅದನ್ನ ಕೇಳೋ ಜಾಗದಲ್ಲಿ ಕೇಳ್ಲಿ. ಇವನನ್ನ ಇಲ್ಲೇ ಬಡಿದು ಸಾಯಿಸಿದ್ರೆ ನೀನು ಜೈಲಿಗೆ ಹೋಗ್ತೀಯ, ಅವಳ ಮಾತು ಯಾರೂ ಕೇಳಲ್ಲ."

ಗುಡಿಯ ಪಕ್ಕ ಪಾತ್ರೆ ಇಡುವ ಕೋಣೆಯಿದೆ. ಅವನನ್ನು ಅದರೊಳಗೆ ದೂಡಿ ಹೊರಗಿನಿಂದ ಚಿಲಕ ಹಾಕಿ ಹೊಸ್ತಿಲ ಮೇಲೆ ಕೂತೆ. ಯಾರೋ ಎಸೆದ ಕಲ್ಲು ಬಾಗಿಲಿಗೆ ಬಡಿಯಿತು. ಒಳಗಿನಿಂದ ಅವನು, "ನಿಮ್ ಉಪಕಾರ ಮರೆಯಲ್ಲಕ್ಕ," ಎಂದು ಅಳುತ್ತಿದ್ದ.

"ಉಪಕಾರ ಅಲ್ಲ, ಬಾಯ್ ಮುಚ್ಕೊಂಡಿರು," ಎಂದೆ. "ಏನ್ ಹೇಳೋದಿದ್ರೂ ಕೋರ್ಟಲ್ಲಿ ಹೇಳು."

ಜೀಪು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅವನನ್ನು ಕರೆದುಕೊಂಡು ಹೋದ ಮೇಲೆ, ಖಾಕಿ ಬಿಟ್ಟು ಚೂಡಿದಾರ್ ಹಾಕಿಕೊಂಡಿದ್ದ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ ಮನೆಗೆ ಬಂದರು. ಹುಡುಗಿಯ ಪಕ್ಕ ಚಾಪೆಯ ಮೇಲೆ ಕೂತು, ಅವಳ ಅಮ್ಮನ ಎದುರಿಗೇ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಯಾರೂ ಬೆಂಕಿ ಹಚ್ಚಲಿಲ್ಲ. ಹುಡುಗಿ ಎಲ್ಲ ಹೇಳಿ ಮುಗಿಸಿ, ಹಸಿವು ಅಂದಳು.

ಕೇಸು ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ, ಆದರೆ ಊರಿನಲ್ಲಿ ಇಲ್ಲ. ಅವನಿಗೂ ವಕೀಲರಿದ್ದಾರೆ, ಇರಲಿ, ಇರಲೇಬೇಕು. ನಾನು ಹುಡುಗಿಯ ಮಾತನ್ನು ನಂಬುತ್ತೇನೆ. ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಕರ್ಪೂರದ ಕೆಲಸವಂತೂ ಅಲ್ಲವೇ ಅಲ್ಲ. ಊರಿನಲ್ಲಿ ಕೆಲವರು ನನ್ನನ್ನು ಎರಡು ದೋಣಿಯಲ್ಲಿ ಕಾಲಿಟ್ಟವಳು ಎನ್ನುತ್ತಾರೆ. ಅನ್ನಲಿ. ಮಗುವನ್ನು ನಂಬುವುದಕ್ಕೂ ಆರೋಪಿಯ ಜೀವ ಉಳಿಸುವುದಕ್ಕೂ ಎರಡು ದೋಣಿ ಬೇಕಾಗಿಲ್ಲ. ತಮ್ಮ ಮೂರು ತಿಂಗಳು ಮಾತು ಬಿಟ್ಟಿದ್ದ. ಈಗ ಡೈರಿಗೆ ಹಾಲನ್ನು ಅವನೇ ಹೊತ್ತುಕೊಂಡು ಹೋಗುತ್ತಾನೆ.

ಜೀಪು ಬಂದ ಆ ದಿನ ಸಂಜೆ ಬಸ್ಸಿಗೆ ಹೊರಟಿದ್ದಾಗ ಅವ್ವ ಹತ್ತಿರ ಬಂದು ಕೂತಳು. ನನ್ನ ಬಲಗೈ ತೆಗೆದುಕೊಂಡು ಅಂಗೈ ತಿರುಗಿಸಿ ನೋಡಿದಳು. ಅಲ್ಲಿ ಯಾವ ಗುರುತೂ ಇಲ್ಲ. ಅವತ್ತು ಅದು ಸುಟ್ಟೇ ಇರಲಿಲ್ಲ.

"ಅವತ್ತು ನಿನ್ನ ಕರ್ಕೊಂಡ್ ಹೋಗಿದ್ದು ನಾನೇ," ಎಂದಳು.

"ಹೌದು, ನೀನೇ," ಎಂದೆ. ಹೋಗಲಿ ಬಿಡು ಎನ್ನಲಿಲ್ಲ.

"ನೀನ್ ಹೇಳಿದ್ದು ನಿಜ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೆ."

"ಗೊತ್ತಿದ್ದೂ ಯಾಕೆ ಕರ್ಕೊಂಡ್ ಹೋದೆ?"

"ಊರೆಲ್ಲ ನಂಬ್ಲಿ ಅಂತ."

"ಊರ್ ಹಾಳಾಗ್ಲಿ," ಎಂದೆ. "ನಂಬ್ತೀನಿ ಅಂತ ನಂಗೆ ಹೇಳ್ಬೇಕಿತ್ತವ್ವ."