ಹಲ್ಕಾ ಲ್ಯಾಪ್‌ಟಾಪ್

ಡೊಂಬಿವಲಿಯ ಅಂಗಡಿಯಲ್ಲಿ ಇವತ್ತು ಮಗಳಿಗೆಂದು ಲ್ಯಾಪ್‌ಟಾಪಿನ ಡಬ್ಬಿ ಬಿಚ್ಚಿಸಿದೆ. ಥರ್ಮಾಕೋಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಗದಗಿನ ಅಜ್ಜಿ ಪಕ್ಕಕ್ಕೆ ಬಂದು ನಿಂತ ಹಾಗಾಯಿತು.

ನಾನಾಗ ಇವಳಷ್ಟೇ ಇದ್ದೆ. ಅಕ್ಕನ ಕಾಲೇಜಿಗೆಂದು ಮನೆಯ ಮೊದಲ ಲ್ಯಾಪ್‌ಟಾಪ್ ಆರಿಸಲು ಅಪ್ಪ ಹೊರಟಾಗ, ಊರಿಂದ ಬಂದಿದ್ದ ಅಜ್ಜಿಯೂ ಇಳಕಲ್ ಸೀರೆಯ ಸೆರಗು ಹೊದ್ದು ಹೊರಟಳು. ಹಿತ್ತಾಳೆ ಕೊಡ ಕೊಳ್ಳುವವಳಂತೆ ಒಂದೊಂದನ್ನೂ ಎತ್ತಿ ತೂಗಿ, ಬೆರಳ ಗೆಣ್ಣಿನಿಂದ ಬಾರಿಸಿ ಸದ್ದು ಕೇಳಿದಳು. ಅಂಗಡಿಯವನ ಜೀವ ಬಾಯಿಗೆ ಬಂತು. ತೆಳ್ಳನೆಯದೊಂದನ್ನು ಅವಳ ಕೈಗಿಟ್ಟು ಮರಾಠಿಯಲ್ಲಿ ಹೇಳಿದ, “ಆಜಿ, ಹಾ ಘ್ಯಾ. ಎಕ್ದಮ್ ಹಲ್ಕಾ ಆಹೆ.”

ಅವನು ಅಂದದ್ದು ಹಗುರ ಎಂದು. ಅಜ್ಜಿಗೆ ಕೇಳಿಸಿದ್ದು ನಮ್ಮ ಕಡೆ ಕಳಪೆಗೂ ನೀಚರಿಗೂ ಬಳಸುವ ಹಲ್ಕಾ. ಕೆಂಡ ಮುಟ್ಟಿದವಳಂತೆ ಅದನ್ನು ಕೆಳಗಿಟ್ಟು ಅಪ್ಪನತ್ತ ತಿರುಗಿದಳು.

“ಅಯ್ಯ ಶಿವನ! ಹಲ್ಕಾ ಅಂತ ತಾನ ಬಾಯಿಬಿಟ್ಟು ಹೇಳಿ ಮಾರ್ತಾನಲ್ಲೋ! ಹುಡುಗಿಗೆ ಹಲ್ಕಾ ಮಾಲ್ ಕೊಡಸ್ತಿಯೇನು?” ಆಮೇಲೆ ಅಂಗಡಿಯವನಿಗೆ, “ಏ, ಜಡ ಇದ್ದದ್ದು ತೆಗಿ!”

ಜಡ ಅಂದರೆ ಮರಾಠಿಯಲ್ಲೂ ಭಾರವೇ. ಅವನಿಗೆ ತಿಳಿದದ್ದು ಅದೊಂದೇ ಮಾತು. ಬೀಸುವ ಕಲ್ಲಿನಂಥದ್ದೊಂದನ್ನು ಕೆಳಗಿಳಿಸಿದ. ತನ್ನವ್ವನಿಗೆ ಎದುರಾಡದ ಅಪ್ಪ ಅದನ್ನೇ ಕೊಂಡ. ಅಕ್ಕ ಕಾಲೇಜು ಮುಗಿಯುವವರೆಗೂ ಅದನ್ನು ಬೆನ್ನಿಗೆ ಹೇರಿಕೊಂಡು, ಅಜ್ಜಿಯನ್ನು ಬೈಯುತ್ತಲೇ ಲೋಕಲ್ ರೈಲು ಹತ್ತಿದಳು.

“ಪಪ್ಪಾ, ಹಾಚ್ ಘೇಊಯಾ!” ಇದನ್ನೇ ಕೊಳ್ಳೋಣವೆಂದು ಮಗಳು ಒಂದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು. “ಕಿತಿ ಹಲ್ಕಾ ಆಹೆ!”

ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಅಂಗಡಿಯವನತ್ತ ತಿರುಗಿ ಅಂದುಬಿಟ್ಟಿದ್ದೆ:

“ಏ, ಜಡ ಇದ್ದದ್ದು ತೆಗಿ!”