ನೇರಳೆ ತುಟಿಯ ಕಾರಕೂನರು

ಆ ಬೆಳಿಗ್ಗೆ ನಾನು ಎರಡನೇ ಸಲ ಅಕ್ಕಿ ತೊಳೆಯುತ್ತಿದ್ದೆ. ಒಮ್ಮೆ ತೊಳೆದದ್ದು ಮರೆತೇಹೋಗಿತ್ತು. ಬೇಲಿಯಾಚೆ ಬಂದರದ ಕಾರಕೂನರು ಹೋಗುತ್ತಿದ್ದರು. ಕಚ್ಚೆ ಪಂಚೆ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ಬರಿಗಾಲು, ಕಂಕುಳಲ್ಲಿ ಕಾಗದ ತುಂಬಿದ ಬಿಸ್ಕತ್ತಿನ ಡಬ್ಬಿ. ನಾನು ನೋಡಿದ್ದು ಮಾತ್ರ ಅವರ ತುಟಿಯನ್ನು. ಕೆಳತುಟಿಯ ನಡುವೆ, ನೇರಳೆಹಣ್ಣು ತಿಂದ ಮಕ್ಕಳಿಗಿರುವ ಹಾಗೆ, ಗಾಢವಾದ ಒಂದು ಕಲೆ.

ಹೊನ್ನಾವರದ ನಮ್ಮ ಓಣಿಯ ಹೆಂಗಸರಿಗೆ ಆ ಕಲೆಯೇ ಹಡಗಿನ ಸುದ್ದಿ. ಅವರು ಕಾಪಿಂಗ್ ಪೆನ್ಸಿಲನ್ನು ತುಟಿಗೊತ್ತಿ ಒದ್ದೆ ಮಾಡಿಕೊಂಡು ಬರೆಯುತ್ತಿದ್ದರು. ಹಾಗೆ ಬರೆದದ್ದು ನೇರಳೆಯಾಗಿ ಕಾಗದದೊಳಕ್ಕೆ ಇಳಿಯುತ್ತಿತ್ತು, ಯಾವ ರಬ್ಬರಿಗೂ ಜಗ್ಗುತ್ತಿರಲಿಲ್ಲ. ಹಡಗು ಬರುವ ದಿನ ಪ್ರಯಾಣಿಕರ ಪಟ್ಟಿಗೆ ಮನೆಯಲ್ಲೇ ಗೆರೆ ಎಳೆದುಕೊಂಡು ಹೊರಡುವುದು ಅವರ ಪದ್ಧತಿ. ಬೆಳಿಗ್ಗೆಯೇ ತುಟಿ ನೇರಳೆಯಾಗಿದ್ದರೆ ಮಧ್ಯಾಹ್ನದೊಳಗೆ ಮುಂಬಯಿ ಹಡಗು ಅಳಿವೆಯಾಚೆ ಲಂಗರು ಹಾಕುತ್ತದೆ ಎಂದೇ ಲೆಕ್ಕ.

"ಬತ್ತದ್ಯಾ ಮಾಮ?" ಎಂದು ಕೂಗಿದೆ.

"ಕುಮಟೆ ಬಿಟ್ಟದ್ಯಂತೆ. ತಡಿ ಮಗಾ, ನೀರು ಏರಲಿ."

ನೀರು ಏರಲಿ ಎಂಬುದನ್ನು ಅವರು ಎಲ್ಲದಕ್ಕೂ ಹೇಳುತ್ತಿದ್ದರು. ಹಡಗಿಗೆ, ಮಳೆಗೆ, ಯುದ್ಧ ಮುಗಿಯುವುದಕ್ಕೆ, ನನ್ನ ಹೆರಿಗೆಗೆ.

ನನಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲು. ನಾನೇ ತವರಿಗೆ ಹೋಗಬೇಕಿತ್ತು; ಆದರೆ ಮುಂಬಯಿಯಲ್ಲಿ ಬಾಂಬು ಬೀಳುತ್ತದೆಂಬ ಹೆದರಿಕೆ. ಹೊಳನಗದ್ದೆಯ ಮನೆ ಬಿಟ್ಟು ಅಪ್ಪನ ನೌಕರಿಗಾಗಿ ಅಲ್ಲಿಗೆ ಹೋಗಿದ್ದ ಅಮ್ಮ, ತಾನೇ ಬರುತ್ತೇನೆಂದು ಬರೆಸಿದ್ದಳು. ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗು ಅದು. ಆಮೇಲೆ ನಾಲ್ಕು ತಿಂಗಳು ಸಮುದ್ರದ ದಾರಿಯೇ ಮುಚ್ಚಿಬಿಡುತ್ತದೆ. ನನಗಂತೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗಿ ತಿರುಗಿ ಗಂಜಿಯ ತಳ ಹತ್ತಿಸಿದೆ.

ಪಕ್ಕದ ಮನೆಯ ಅಕ್ಕ ಬಂದು ಪಾತ್ರೆ ಇಳಿಸಿದಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. "ಹೋಗು ಮಾರಾಯ್ತಿ, ಬಂದರಕ್ಕೆ ಹೋಗಿ ನಿಂತ್ಕ. ಇಲ್ಲಿದ್ರೆ ನೀ ಮನೆನೇ ಸುಡ್ತೆ" ಎಂದಳು. ನಾನು ಹೊರಡುವಾಗ ಮಾತ್ರ ಎದುರಿಗೆ ಬರಲಿಲ್ಲ. ಬಾಗಿಲ ಮರೆಯಲ್ಲಿ ನಿಂತುಕೊಂಡಳು. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರು ಅವಳು ಬರುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಹಡಗಿನಿಂದ ದಡಕ್ಕೆ ಇಳಿಯುವವರಿಗೆ ಗುರುತಿನ ಕಾಗದ ಬೇಕಾಗಿತ್ತು. ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಮೈಮೇಲಿನ ಒಂದು ಗುರುತು. ಹಡಗು ದೂರ ನಿಲ್ಲುತ್ತಿತ್ತು. ಮಚವೆ ದೋಣಿಗಳು ಜನರನ್ನು ಅಳಿವೆ ದಾಟಿಸಿ ಬಂದರದ ಮೆಟ್ಟಿಲಿಗೆ ತರುತ್ತಿದ್ದವು. ಕಾಗದ ಸರಿಯಿಲ್ಲದವರು ಮೆಟ್ಟಿಲಿಗೆ ಕಾಲಿಡುವಂತಿರಲಿಲ್ಲ. ಅದೇ ಮಚವೆಯಲ್ಲಿ ಹಡಗಿಗೆ ಹಿಂತಿರುಗಿ, ಮಂಗಳೂರು ಮುಟ್ಟಿ, ಮುಂಬಯಿಗೇ ವಾಪಸು.

ಗಂಡಸರ ಗುರುತು ನೋಡುವುದು ಸುಲಭ. ಹೆಂಗಸರ ತೋಳು, ಕುತ್ತಿಗೆಯನ್ನು ಹತ್ತು ಜನರೆದುರು ಬಿಚ್ಚಿ ನೋಡುವುದು ಹೇಗೆ? ಕಾರಕೂನರು ಅದಕ್ಕೊಂದು ಉಪಾಯ ಮಾಡಿದ್ದರು. ಕರೆದೊಯ್ಯಲು ಬಂದ ನೆಂಟರನ್ನು ಕಚೇರಿಯ ಸುಣ್ಣದ ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಬಂದವಳ ಗುರುತು ಏನೆಂದು ಮೆಲ್ಲಗೆ ಕೇಳುವುದು, ಕಾಗದಕ್ಕೆ ತಾಳೆ ನೋಡುವುದು. ಒಮ್ಮೆ ಭಟ್ಕಳದ ನವಾಯತ ಮನೆಯ ಹಿರಿಯಾಕೆಯೊಬ್ಬಳು ಬುರ್ಖಾದಲ್ಲಿ ಬಂದಾಗ, ಅವಳ ಬಿಳಿಗಡ್ಡದ ಮಗ ಶಾಲೆಯ ಹುಡುಗನಂತೆ ಗೋಡೆ ನೋಡುತ್ತ ನಿಂತು ತಾಯಿಯ ಗುರುತು ಒಪ್ಪಿಸಿದ್ದನ್ನು ನಾನೇ ಕಂಡಿದ್ದೆ. ಆಕೆಯ ಮುಸುಕು ಒಂದು ಬೆರಳಷ್ಟೂ ಸರಿಯಲಿಲ್ಲ. ಊರಿನ ಎಷ್ಟೋ ಹೆಂಗಸರ ಮಚ್ಚೆ, ಸುಟ್ಟ ಗಾಯ, ಹಚ್ಚೆ ಎಲ್ಲ ಆ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅವರ ಬಾಯಿಂದ ಒಂದೂ ಹೊರಬಿದ್ದದ್ದಿಲ್ಲ.

ಮಚವೆ ಮೆಟ್ಟಿಲಿಗೆ ತಾಗಿದಾಗ ಅಮ್ಮ ನಡುವಿನ ಹಲಗೆಯ ಮೇಲೆ ಹಿತ್ತಾಳೆ ಡಬ್ಬಿ ಅಪ್ಪಿಕೊಂಡು ಕೂತಿದ್ದಳು. ನನ್ನ ಹೊಟ್ಟೆ ನೋಡಿ ಅವಳ ಮುಖ ಅರಳಿತು. ರವಿಕೆಯೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ದೋಣಿ ನಡೆಸುವ ತಾಂಡೇಲನ ಕೈಗೆ ಕೊಟ್ಟಳು. ಅವನು ಮೇಲೆ ಕೊಟ್ಟ.

ಮೆಟ್ಟಿಲ ಮೇಲೆ ಕಾರಕೂನರ ಪಕ್ಕದಲ್ಲಿ ನಿಂತಿದ್ದ ಪೊಲೀಸು ಜಮಾದಾರ ಅದನ್ನು ತೆಗೆದುಕೊಂಡ. ಘಟ್ಟದ ಮೇಲಿಂದ ಹೊಸದಾಗಿ ಬಂದವನು.

"ಕಾರಕೂನ್ರ, ಇದೇನ್ರೀ? ಕಾಗದದಾಗ ವಿಧವೆ ಅಂತ ಐತಿ. ಈ ಹೆಣ್ಮಗಳನ್ನ ನೋಡಿದ್ರ ಹಣಿ ತುಂಬ ಕುಂಕುಮ ಹಚ್ಚ್ಯಾಳ. ಯಾರ ಕಾಗದ ತಂದಾಳ ಈಕಿ?"

ನಾನು ಇಣುಕಿ ನೋಡಿದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಅಂದು ನನಗೆ ಕೊಟ್ಟದ್ದು ಆ ಒಂದು ಶಬ್ದವನ್ನು. ಗಂಡನ ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ವಿಧವೆ ಎಂದು ಓರೆ ಅಕ್ಷರ, ಮೇಲೆ ಮುಂಬಯಿಯ ಶಿಕ್ಕಾ ಮೊಹರು.

"ಅಮ್ಮಾ, ಎಂತ ಮಾಡ್ಕಂಡೆ? ಅಪ್ಪನ ಹೆಸರು ಕೇಳಿದ್ರಾ ಅಲ್ಲಿ?"

"ಕೇಳದ್ರು. ಯಾವ ಬಾಯಲ್ಲಿ ಹೇಳ್ಲಿ? ಅವ್ರು ಕೆಲಸಕ್ಕೆ ಹೋಗಿದ್ರು, ಜೊತಿಗೆ ಬಂದ ಪೋರಿಗೂ ಅವ್ರ ಹೆಸರು ಗೊತ್ತಿಲ್ಲೆ. ನಾ ತಲೆ ಬಗ್ಗಿಸ್ಕಂಡು ನಿಂತೆ. ಅವ ಏನೋ ಗೀಚಿ ಕೊಟ್ಟ."

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅಮ್ಮ ಮೂವತ್ತು ವರ್ಷ ಹೇಳಿರಲಿಲ್ಲ. ಹೇಳಲು ಗಂಡನಿಲ್ಲ ಎಂದೇ ಅಲ್ಲಿಯವನು ತಿಳಿದುಕೊಂಡಿದ್ದ. ಓದಲು ಬಾರದ ಅವಳು ಆ ಶಬ್ದವನ್ನು ಎರಡು ರಾತ್ರಿ ಎದೆಯಲ್ಲಿಟ್ಟುಕೊಂಡು ಬಂದಿದ್ದಳು.

ಕಾರಕೂನರು ನನ್ನನ್ನು ಗೋಡೆಗೆ ತಿರುಗಿಸಿದರು. "ನಿನ್ನ ಅಮ್ಮನ ಮೈಮೇಲೆ ಗುರುತು ಎಂತ ಅದೆ, ಹೇಳು."

ನನಗೆ ಏನೂ ಹೊಳೆಯಲಿಲ್ಲ. ಅಂಗಡಿಯವನ ಕಿವಿಯ ಕೂದಲು, ಸಿಸ್ಟರಿನ ಕನ್ನಡಕದ ದಾರ, ಎಲ್ಲ ನೆನಪಿಟ್ಟವಳಿಗೆ ಹೆತ್ತವಳ ಮೈಯ ಒಂದು ಗುರುತು ನೆನಪಿಲ್ಲ. ಬೆನ್ನ ಹಿಂದೆ ಹಡಗು ಕೂಗಿತು. ಸುಣ್ಣದ ಮೇಲೊಂದು ಇರುವೆ ಹತ್ತುತ್ತಿತ್ತು.

"ಅವಸರ ಇಲ್ಲ. ನೀರು ಏರಲಿ" ಎಂದರು ಅವರು.

ಆಗ ನೆನಪು ಬಂದದ್ದು ಕಣ್ಣಿಗಲ್ಲ, ತಲೆಗೂದಲಿಗೆ. ಅಮ್ಮ ಜಡೆ ಹೆಣೆಯುವಾಗ ಪ್ರತಿದಿನ ಒಂದೆಳೆ ಸಿಕ್ಕಿ ಚುರ್ ಎನ್ನುತ್ತಿತ್ತು. "ಹೆಬ್ಬೆರಳಿನ ಉಗುರು! ಬಲಗೈಯದು. ನಡುವೆ ಸೀಳಿದೆ. ನನ್ನ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು."

"ಆತು" ಎಂದರು. "ಗುರುತು ಕೂಡಿತು, ಜಮಾದಾರರೇ."

ಜಮಾದಾರ ನಕ್ಕ. "ಕೂಡ್ತಲ್ಲ, ಮುಗೀತು. ಕುಂಕುಮ ಒರಸ್ಕೊಂಡು ಇಳೀಲಿ. ಆಗ ಕಾಗದಾನೂ ಸರಿ, ಹೆಣ್ಮಗಳೂ ಸರಿ."

ಅಮ್ಮ ಎದ್ದು ನಿಂತಿದ್ದವಳು ಮತ್ತೆ ಕೂತುಬಿಟ್ಟಳು. "ತಾಂಡೇಲಾ, ದೋಣಿ ತಿರುಗ್ಸು. ಆ ಶಬ್ದ ಹೊತ್ಕಂಡು ಮಗಳ ಬಾಣಂತನಕ್ಕೆ ನಾ ಇಳಿಯೂದಿಲ್ಲ."

ತಾಂಡೇಲ ಹಗ್ಗಕ್ಕೆ ಕೈ ಹಾಕಿದ. ನಾನು ಅಳತೊಡಗಿದೆ.

ಕಾರಕೂನರು ಕೋಟಿನ ಗುಂಡಿಗೆ ದಾರದಲ್ಲಿ ಕಟ್ಟಿದ್ದ ಪೆನ್ಸಿಲನ್ನು ಎಳೆದುಕೊಂಡರು. "ಹಗ್ಗ ಬಿಡಬೇಡ್ವೋ. ಜಮಾದಾರರೇ, ಅವರ ಹಣೆ ತಿದ್ದೂದು ಬೇಡ. ನಾ ಕಾಗದ ತಿದ್ತೆ."

"ಮುಂಬಯಿ ಶಿಕ್ಕಾ ಅದರೀ ಅದರ ಮ್ಯಾಲೆ. ನೀವು ಕೈ ಹಚ್ಚಿದ್ರ ನಾ ಕಾರವಾರಕ್ಕ ಬರೀಬೇಕಾಗ್ತದ. ನಿಮ್ಮ ನೌಕರಿ ಮಾತು."

"ಬರೀರಿ. ನಿಮ್ಮ ಕೆಲಸ ಅದು. ಸಹಿ ಓದೂಕೆ ಬರೂ ಹಂಗೇ ಹಾಕ್ತೆ." ನನ್ನತ್ತ ತಿರುಗಿದರು. "ಹೆಂಡತಿ ಹೇಳೂದಿಲ್ಲ. ಮಗಳು ಹೇಳಬಹುದಲ್ಲ? ನಿನ್ನ ಅಪ್ಪನ ಹೆಸರು ಹೇಳು ಮಗಾ. ದೊಡ್ಡಕೆ."

ನಾನು ಗೋಡೆ ಬಿಟ್ಟು ತಿರುಗಿ, ಸಮುದ್ರಕ್ಕೆ ಕೇಳುವಷ್ಟು ದೊಡ್ಡದಾಗಿ ಅಪ್ಪನ ಹೆಸರು ಹೇಳಿದೆ. ಮಚವೆಯಲ್ಲಿ ಅಮ್ಮ ಸೆರಗು ಬಾಯಿಗೆ ಹಿಡಿದು ನಾಚಿಕೊಂಡಳು. ಕಾರಕೂನರು ಪೆನ್ಸಿಲನ್ನು ತುಟಿಗೊತ್ತಿ, ಆ ಶಬ್ದದ ಮೇಲೆ ಗೆರೆ ಎಳೆದರು. ಮತ್ತೊಮ್ಮೆ ಒತ್ತಿ ಇನ್ನೊಂದು ಗೆರೆ. ಖಾಲಿ ಜಾಗದಲ್ಲಿ ಅಪ್ಪನ ಹೆಸರು ನೇರಳೆಯಾಗಿ ಇಳಿಯಿತು. ಕೆಳಗೆ ಅವರ ಸಹಿ.

ಆ ಸಹಿಗೆ ಅವರು ತೆತ್ತದ್ದೇನೆಂದು ನನಗೆ ತಿಳಿದದ್ದು ಬಿಡಿಬಿಡಿಯಾಗಿ. ಕಾರವಾರದಲ್ಲಿ ವಿಚಾರಣೆಯಾಯಿತಂತೆ. ಹಡಗಿನ ಪಟ್ಟಿಯ ಕೆಲಸ ತೆಗೆದು ಭಟ್ಕಳದ ಕಡೆ ಯಾವುದೋ ಉಪ್ಪಿನ ಗೋದಾಮಿಗೆ ಹಾಕಿದರಂತೆ. ನಾನು ಕೂಸು, ಜ್ವರ, ಮನೆ ಎನ್ನುತ್ತ ಒಂದು ಕಾಗದವನ್ನೂ ಬರೆಯಲಿಲ್ಲ. ಮೂರು ಮಳೆಗಾಲ ಕಳೆದ ಮೇಲೆ, ಅವರು ಅಲ್ಲೇ ತೀರಿಕೊಂಡರೆಂದು ಆ ಮಚವೆಯ ತಾಂಡೇಲನೇ ಸಂತೆಯಲ್ಲಿ ಹೇಳಿದ. ಕೊನೆಗೆ ಅವರ ತುಟಿ ನೇರಳೆಯಾಗಿಯೇ ಇತ್ತೇ ಎಂದು ಕೇಳಬೇಕೆನಿಸಿತು. ಕೇಳುವ ಮಾತೇ ಅದು? ಮೀನು ಕೊಂಡು ಬಂದೆ. ಇಂದಿಗೂ ಯಾರಾದರೂ ಅಪ್ಪನ ಹೆಸರು ಕೇಳಿದರೆ ನನ್ನ ದನಿ ತಾನಾಗಿ ದೊಡ್ಡದಾಗುತ್ತದೆ.

ಆ ದಿನ ಸಂಜೆ ಇದೊಂದೂ ಗೊತ್ತಿರಲಿಲ್ಲ. ಅಮ್ಮ ಒಳಗೆ ನಿದ್ದೆ ಹೋಗಿದ್ದಳು. ಬಂದರದಲ್ಲಿ ಆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ಅಕ್ಕ ಬೇಲಿಯ ಮೇಲೆ ಒಣಗಿದ ಸೀರೆ ಎಳೆದು ಮಡಚುತ್ತಿದ್ದಳು.

"ಕಾರಕೂನರ ಮೇಲೆ ಜಮಾದಾರ ಕಾರವಾರಕ್ಕೆ ಬರ್ದನಂತೆ, ಕೇಳ್ದ್ಯಾ? ಯಾವ್ದೋ ಹೆಂಗ್ಸಿನ ಕಾಗ್ದದಲ್ಲಿ ವಿಧವೆ ಅಂತ ಇದ್ದದ್ದು ಹೊಡ್ದುಹಾಕಿದ್ರಂತೆ." ಸೀರೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಅವಳು ನಕ್ಕಳು. "ಅಷ್ಟು ಸಸಾರ ಅಂತ ಗೊತ್ತಿದ್ರೆ ನಾನೂ ಹೋಗ್ತಿದ್ದೆ ಮಾರಾಯ್ತಿ."