ಅವ್ವ ಕಟ್ಟಿದ ದಾರ

ನಮ್ಮ ಗಾವಡಗೆರೆ ಮನೆಗೆ ಅಲ್ಯೂಮಿನಿಯಂ ಕಿಟಕಿ ಕೂರಿಸಿದವನು ಹುಣಸೂರಿನವನು. ಕಟಿಂಗ್ ಮಿಷನ್ ಹಚ್ಚುವ ಮುನ್ನ ಉಂಗುರ, ವಾಚು, ಹೆಗಲ ಟವೆಲ್ಲು ಎಲ್ಲ ತೆಗೆದಿಟ್ಟು, ಕನ್ನಡಕ ಏರಿಸಿ, "ತಿರುಗೋದ್ರ ಮುಂದೆ ನೇತಾಡೋದು ಇರಬಾರ್ದು ಕಣ್ರೀ" ಎನ್ನುತ್ತಿದ್ದ.

ಗೃಹಪ್ರವೇಶದ ಬೆಳಿಗ್ಗೆ ಅಡುಗೆಮನೆ ಕಿಟಕಿ ಜಾರುವ ಪಟ್ಟಿಯೊಂದನ್ನು ಕೊಯ್ದು ಕೂರಿಸುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಅವ್ವ, ಮನೆಮಕ್ಕಳಿಗೆ ಕಟ್ಟಿದಂತೆ ಅವನ ಮಣಿಕಟ್ಟಿಗೂ ಪೂಜೆಯ ಅರಿಶಿನ ದಾರ ಕಟ್ಟಿಬಿಟ್ಟಳು. ನೇತಾಡುವ ಅದರ ತುದಿಯನ್ನೊಮ್ಮೆ, ಮಿಷನ್ನನ್ನೊಮ್ಮೆ ನೋಡಿದವನು ಪ್ಲಗ್ಗು ಕಿತ್ತು ಕೈಗರಗಸ ಹಿಡಿದ.

"ದಾರ ಬಿಚ್ಚಿಡಪ್ಪ, ಬೇಗ ಆಯ್ತದೆ," ಎಂದೆ.

"ಅವ್ವ ಕಟ್ಟವ್ರೆ, ಬುಡಿ," ಎಂದು ಬೆವರು ಸುರಿಸುತ್ತ ಕೈಯಲ್ಲೇ ಕೊಯ್ದ.

ಆ ಪಟ್ಟಿ ತುಸು ಸೊಟ್ಟ. ಕಿಟಕಿ ಎಳೆದಾಗ ಇವತ್ತಿಗೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಜೋರಾಗಿ ನೂಕುತ್ತೇನೆ. ಅವ್ವ ಮಾತ್ರ ಆ ಜಾಗ ಬಂದಾಗ ಕೈ ನಿಧಾನ ಮಾಡುತ್ತಾಳೆ.